ನಾಲ್ಕನೆಯ ಸನ್ನೆ

ತರಬೇತಿ ಶಿಬಿರ
ಮೇ 6

ಅಮ್ಮಾ,

ಕಾಲು ನೋವು, ಭುಜ ನೋವು, ಬೆನ್ನು ನೋವು ಎಲ್ಲ ಇದೆ ಎಂದು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ನೀನು ಕೇಳುವುದು ಬೇಡ. ಉಳಿದಂತೆ ಚೆನ್ನಾಗಿದ್ದೇನೆ. ಕೋಣೆಯಲ್ಲಿ ನಾವು ಮೂವರು. ಒಬ್ಬಳು ತಂಡದಲ್ಲೇ ಎತ್ತರದವಳು, ಮಂಚದ ತುದಿಗೆ ಸ್ಟೂಲು ಜೋಡಿಸಿಕೊಂಡು ಮಲಗುತ್ತಾಳೆ. ಎಲ್ಲರೂ ಅವಳನ್ನು ಏಣಿ ಎನ್ನುತ್ತಾರೆ. ಇನ್ನೊಬ್ಬಳು ಅಂಕಣದ ಮೂಲೆಯಲ್ಲಿ ನಿಂತು ದೂರದಿಂದ ಬುಟ್ಟಿಗೆ ಚೆಂಡು ಹಾಕುವುದರಲ್ಲಿ ಗಟ್ಟಿ. ಅವಳಿಗೆ ಮೂಲೆ ಎಂದೇ ಹೆಸರಾಗಿದೆ. ಊಟಕ್ಕೂ ಮೂಲೆಯ ಕುರ್ಚಿಯನ್ನೇ ಹುಡುಕುತ್ತಾಳೆ.

ಸಂಜೆಯಾದರೆ ಎಲ್ಲರೂ ಫೋನಿನ ಮುಂದೆ ಸಾಲು ನಿಲ್ಲುತ್ತಾರೆ. ನಾನು ನಿಲ್ಲದಿರುವುದನ್ನು ನೋಡಿ ಏಣಿ ಕೇಳಿದಳು, "ನಿಮ್ಮಮ್ಮಂಗೆ ಫೋನ್ ಮಾಡಲ್ವಾ?"

"ನಮ್ಮಮ್ಮಂಗೆ ಕಿವಿ ಕೇಳಿಸಲ್ಲ. ಹುಟ್ಟಿದಾಗಿಂದ."

"ಮತ್ತೆ ನಿನಗೆ ಬೈಯೋದು ಹೇಗೆ?"

ತೋರಿಸಿದೆ. ಊಟದ ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಮಗೆ ಆಟ ಹೇಳಿಕೊಡುವ ಮೇಡಂ ಮಾತ್ರ ನಗಲಿಲ್ಲ. ತಟ್ಟೆ ಹಿಡಿದುಕೊಂಡು ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದರು. ಮರುದಿನ ಬೆಳಿಗ್ಗೆ ಕರೆದು, "ಇನ್ನೊಂದ್ಸಲ ತೋರಿಸು" ಎಂದರು.

ನಿನಗೆ ಬಾಸ್ಕೆಟ್‌ಬಾಲ್ ಗೊತ್ತಿದೆ, ಆದರೂ ಹೇಳುತ್ತೇನೆ. ಚೆಂಡು ಹಿಡಿದು ತಂಡ ನಡೆಸುವವಳು ನಾನು. ಎಲ್ಲಿಗೆ ಎಸೆಯುತ್ತೇನೆಂದು ನಮ್ಮವರಿಗೆ ಗೊತ್ತಾಗಬೇಕು, ಎದುರಿನವರಿಗೆ ಗೊತ್ತಾಗಬಾರದು. ಎಲ್ಲ ತಂಡದವರೂ ಒಂದು, ಎರಡು ಎಂದು ಬೆರಳು ತೋರಿಸುತ್ತಾರೆ. ಎದುರಿನವರು ಹಳೆಯ ಪಂದ್ಯಗಳನ್ನು ನೋಡಿ ಅದನ್ನು ಪತ್ತೆ ಹಚ್ಚುತ್ತಾರೆ. ನಮ್ಮ ಮನೆಯ ಸನ್ನೆಗಳಾದರೆ ಕೈ ಕೊಡವಿದ ಹಾಗೆ, ಅಂಗಿ ಸರಿ ಮಾಡಿಕೊಂಡ ಹಾಗೆ ಕಾಣುತ್ತವೆಯಂತೆ, ಯಾರಿಗೂ ಅನುಮಾನವೇ ಬರುವುದಿಲ್ಲವಂತೆ.

ಹಾಗಾಗಿ ಮೂರನ್ನು ಕೊಟ್ಟಿದ್ದೇನೆ. ಅಂಗೈ ಎರಡೂ ಅಗಲಿಸಿದರೆ 'ಬಾಗಿಲು': ಏಣಿ ಬುಟ್ಟಿಯ ಕೆಳಗೆ ನುಗ್ಗುತ್ತಾಳೆ, ಚೆಂಡು ಅವಳಿಗೆ. ಮುಷ್ಟಿಯಿಂದ ಬೆರಳು ಮೇಲೆದ್ದರೆ 'ಹಾಲು ಉಕ್ಕಿತು': ಚೆಂಡು ಮೂಲೆಗೆ. ಕಾಲರು ಮುಟ್ಟಿಕೊಂಡರೆ 'ಅಪ್ಪ ಬಂದರು': ಎಲ್ಲರೂ ತೆಪ್ಪಗಾಗಿ ನಿಧಾನವಾಗಿ ಆಡಬೇಕು. ಇದನ್ನು ಅಪ್ಪನಿಗೆ ಹೇಳಬೇಡ.

ಮೇಡಂ ನಾಲ್ಕನೆಯದೊಂದು ಕೇಳಿದರು. ಬೆರಳು ಒಟ್ಟುಮಾಡಿ ಬಾಯ ಹತ್ತಿರ ತಂದು ಅಂಗೈ ಮೇಲೆ ಮಾಡುತ್ತೀಯಲ್ಲ, ನಾವು ಬಾಗಿಲೊಳಗೆ ಕಾಲಿಟ್ಟ ಕೂಡಲೇ, 'ಊಟ ಆಯ್ತಾ' ಅಂತ, ಅದು ಏಣಿಗೆ ಬಹಳ ಇಷ್ಟವಾಗಿತ್ತು. ಅದನ್ನು ಮಾತ್ರ ಕೊಡಲಿಲ್ಲ. ಒಂದಾದರೂ ಮನೆಯಲ್ಲೇ ಇರಲಿ ಎನ್ನಿಸಿತು.

ನಮ್ಮ ದೇಶದ ಹೆಂಗಸರು ವಿಶ್ವಕಪ್ಪಿಗೆ ಹೋಗುತ್ತಿರುವುದು ಇದೇ ಮೊದಲು. ಹೋಗುವಾಗ ನಿನ್ನ ಕೈಯನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.

ನಿನ್ನ,
ಹೆಬ್ಬೆಟ್ಟು

*

ಮನೆ
ಮೇ 19

ಹೆಬ್ಬೆಟ್ಟು,

ನಿನ್ನ ಕಾಗದವನ್ನು ಮಗ್ಗದ ಶೆಡ್ಡಿಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ಓದಿಸಿದೆ. ಬೈಯುವುದಕ್ಕೆ ಇಟ್ಟುಕೊಂಡ ಸನ್ನೆಗಳಿಂದ ದೇಶ ಗೆಲ್ಲುತ್ತದೆಂದರೆ ನಾನು ಇನ್ನೂ ಸ್ವಲ್ಪ ಜಾಸ್ತಿ ಬೈಯಬೇಕಿತ್ತು. ಅಷ್ಟು ದೊಡ್ಡವಳಾಗುವವರೆಗೆ ಬಾಯಿಂದ ಬೆರಳು ತೆಗೆಯದೆ ಆ ಹೆಸರು ಸಂಪಾದಿಸಿಕೊಂಡವಳು ಈಗ ಕೈಯಲ್ಲೇ ತಂಡ ನಡೆಸುತ್ತಾಳಂತೆ.

ನಮ್ಮ ಶೆಡ್ಡಿನವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನೂರು ಮಗ್ಗ ಒಟ್ಟಿಗೆ ಓಡುವಾಗ ಅಲ್ಲಿ ಯಾರಿಗೂ ಕಿವಿ ಕೇಳಿಸುವುದಿಲ್ಲ, ಎಲ್ಲರೂ ಕೈಯಲ್ಲೇ ಮಾತಾಡಬೇಕು. ಅವರಿಗೆ ಅದು ಕೆಲಸದ ಭಾಷೆ, ನನಗೆ ಇರುವುದೇ ಅದು. ನಿಮ್ಮಪ್ಪ ಮಗ್ಗ ರಿಪೇರಿಗೆ ಬಂದ ಹೊಸತರಲ್ಲಿ ನನಗೆ ಕಿವಿ ಕೇಳಿಸುವುದಿಲ್ಲವೆಂದು ಅವರಿಗೆ ಎಷ್ಟೋ ದಿನ ಗೊತ್ತೇ ಆಗಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು.

'ಅಪ್ಪ ಬಂದರು' ಎಂಬುದನ್ನು ಅವರಿಗೆ ಹೇಳಿಬಿಟ್ಟೆ. ಮುಖ ಸಿಂಡರಿಸಿಕೊಂಡರು, ಆಮೇಲೆ ಕನ್ನಡಿಯ ಮುಂದೆ ಕಾಲರು ಸರಿಮಾಡಿಕೊಳ್ಳುತ್ತಿದ್ದರು.

ನಿಮ್ಮಣ್ಣ ಹುಬ್ಬು ಬರೆದಿದ್ದಾನೆ. ಎಂದಿನಂತೆ ಶೆಡ್ಡಿನ ವಿಳಾಸಕ್ಕೆ. ಅವನು ಹೋಗಿರುವ ದೇಶದಲ್ಲಿ ಈಗ ಹೆಂಗಸರ ತಂಡಕ್ಕೆ ಎರಡನೇ ತರಬೇತುದಾರನಾಗಿದ್ದಾನಂತೆ. ಚಳಿ ಬಹಳವಂತೆ, ಮಂಡಿ ನೋಯುತ್ತದಂತೆ. ನೀನು ಹೇಗೆ ಆಡುತ್ತಿದ್ದೀಯೆಂದು ಎರಡು ಕಡೆ ಕೇಳಿದ್ದಾನೆ. ನಿಮ್ಮಪ್ಪನಿಗೆ ಹೇಳಲಿಲ್ಲ. "ಬೇರೆಯವರ ಅಂಗಿ ಹಾಕ್ಕೊಂಡೋನ ಹೆಸರು ಈ ಮನೇಲಿ ಬೇಡ" ಎಂದವರು ಇನ್ನೂ ಅಲ್ಲೇ ನಿಂತಿದ್ದಾರೆ. ಬೆಳಿಗ್ಗೆ ಬೆಳಿಗ್ಗೆ ಅವನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಅಭ್ಯಾಸಕ್ಕೆ ಕರೆದುಕೊಂಡು ಹೋಗುತ್ತಿದ್ದವರು ಅವರೇ ಅಲ್ಲವೇ, ಅದಕ್ಕೇ ಅಷ್ಟು ಕೋಪ. ಮಂಡಿ ಮುರಿದುಕೊಂಡ ಮೇಲೆ ಇಲ್ಲಿಯವರು ಯಾರೂ ಆ ಹುಡುಗನನ್ನು ತಿರುಗಿ ನೋಡಲಿಲ್ಲ ಎಂಬುದು ಅವರ ನೆನಪಿಗೆ ಬರುವುದಿಲ್ಲ.

ನೀನೊಂದು ಕಾಗದ ಹಾಕು ಅವನಿಗೆ. ಭುಜಕ್ಕೆ ಬಿಸಿ ಶಾಖ ಕೊಟ್ಟುಕೊ.

ಅಮ್ಮ

*

ತರಬೇತಿ ಶಿಬಿರ
ಜೂನ್ 30

ಅಮ್ಮಾ,

ಇವತ್ತು ವಿಶ್ವಕಪ್ಪಿನ ಪಟ್ಟಿ ಬಂತು. ಯಾರು ಯಾರ ಜೊತೆ ಆಡಬೇಕೆಂದು ಗೋಡೆಗೆ ಅಂಟಿಸಿದ್ದಾರೆ. ಎಲ್ಲರೂ ಮುಗಿಬಿದ್ದು ನೋಡಿ ಕೂಗಾಡುತ್ತಿದ್ದರು. ನಾನು ನೋಡಿದ ಮೇಲೆ ಹೋಗಿ ಮುಖ ತೊಳೆದುಕೊಂಡೆ.

ನಮ್ಮ ಗುಂಪಿನಲ್ಲಿ ನಾವು, ಅವರ ಗುಂಪಿನಲ್ಲಿ ಅವರು ಮುಂದೆ ಬಂದರೆ ಎಂಟರ ಘಟ್ಟದಲ್ಲಿ ನಮ್ಮೆದುರು ಬರುವುದು ಹುಬ್ಬಿನ ತಂಡ.

ಮೊದಲು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಎಷ್ಟು ವರ್ಷವಾಯಿತು ಅವನನ್ನು ನೋಡಿ. ಆಮೇಲೆ ಹೊಳೆಯಿತು. ಈ ಭೂಮಿಯ ಮೇಲೆ ನಮ್ಮ ಸನ್ನೆ ಓದಬಲ್ಲವನು, ಬಾಸ್ಕೆಟ್‌ಬಾಲೂ ಗೊತ್ತಿರುವವನು ಅವನೊಬ್ಬನೇ, ಅವನು ಎದುರಿನ ಬೆಂಚಿನಲ್ಲಿ ಕೂತಿರುತ್ತಾನೆ. ನಾನು 'ಬಾಗಿಲು' ಎನ್ನುವಷ್ಟರಲ್ಲಿ ಅವನು ತನ್ನವರಿಗೆ ಕೂಗಿ ಹೇಳಬಹುದು. ಅವನ ಕೆಲಸವೇ ಅದು.

ಮೇಡಂಗೆ ಇನ್ನೂ ಹೇಳಿಲ್ಲ. ಹೇಳಿದರೆ ಸನ್ನೆಗಳನ್ನು ತೆಗೆದುಹಾಕುತ್ತಾರೆ. ಎರಡು ತಿಂಗಳಲ್ಲಿ ಇವರೆಲ್ಲ ನಮ್ಮ ಮನೆಯಲ್ಲೇ ಹುಟ್ಟಿದವರ ಹಾಗೆ ಕಲಿತುಬಿಟ್ಟಿದ್ದಾರಮ್ಮಾ. ಏಣಿ ನಿದ್ದೆಗಣ್ಣಿನಲ್ಲೂ ಬಾಗಿಲು ಎಂದರೆ ಓಡುತ್ತಾಳೆ.

ನೀನು ಅವನಿಗೆ ಬರಿ. ಹೇಳಬೇಡ ಎಂದು ಬರಿ. ನಾನು ಕೇಳಿದರೆ ಚೆನ್ನಾಗಿರುವುದಿಲ್ಲ. ನೀನು ಹೇಳಿದರೆ ಅವನು ಮೀರುವುದಿಲ್ಲ.

ಹೆಬ್ಬೆಟ್ಟು

*

ಮನೆ
ಜುಲೈ 12

ಹೆಬ್ಬೆಟ್ಟು,

ಬರೆಯುವುದಿಲ್ಲ.

ಸಿಟ್ಟು ಮಾಡಿಕೊಳ್ಳಬೇಡ, ಪೂರ್ತಿ ಓದು. ನಾನು ಬರೆದರೆ ಅವನು ಹೇಳುವುದಿಲ್ಲ, ಸರಿ. ಆದರೆ ಆಮೇಲೆ ಅವನು ಹೇಳದೇ ಇದ್ದದ್ದು ಅಮ್ಮ ಬೇಡಿಕೊಂಡಿದ್ದರಿಂದ ಎಂದಾಗುತ್ತದೆ. ಅವನೇ ಸುಮ್ಮನಿರುತ್ತಿದ್ದನೋ ಏನೋ ಎಂಬುದು ನಮಗಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಒಂದು ಮಗುವಿನ ಬಾಯಿಗೆ ಬೀಗ ಹಾಕು ಎಂದು ಇನ್ನೊಂದು ಮಗು ಕೇಳಿದರೆ ತಾಯಿಯಾದವಳು ಏನು ಮಾಡಬೇಕು, ನೀನೇ ಹೇಳು.

ಅವನ ಹೆಸರು ಹೇಗೆ ಬಂತೆಂದು ನಿನಗೆ ಗೊತ್ತಿಲ್ಲ. ಹುಬ್ಬಿನ ಮೇಲೆ ಗಾಯದ ಗೆರೆ ಇದೆ, ಅದನ್ನು ಮುಟ್ಟಿ ತೋರಿಸುತ್ತೇವೆ, ಅಷ್ಟೇ ನಿನಗೆ ಗೊತ್ತು. ಮೆಟ್ಟಿಲಿನಿಂದ ಬಿದ್ದ ಎಂದು ಕೇಳಿದ್ದೀಯ. ಅವನು ಬಿದ್ದಿರಲಿಲ್ಲ. ನಿಮ್ಮಪ್ಪ ಮುಟ್ಟಬೇಡಿ ಎಂದಿದ್ದ ಪೆಟ್ಟಿಗೆ ತೆಗೆದು ನೀನು ಸ್ಪ್ಯಾನರ್ ಎಸೆದೆ. ನಾನು ಕಿಟಕಿಯಿಂದ ನೋಡಿದೆ. ಓಡಿ ಬರುವಷ್ಟರಲ್ಲಿ ಅವನ ಮುಖವೆಲ್ಲ ರಕ್ತ, ನಿನ್ನ ಬಾಯಲ್ಲಿ ಹೆಬ್ಬೆಟ್ಟು. ಅಪ್ಪ ಕೇಳಿದಾಗ ಮೆಟ್ಟಿಲು ಎಂದ. ಎಷ್ಟು ಸಲ ಕೇಳಿದರೂ ಮೆಟ್ಟಿಲು. ಪೆಟ್ಟು ತಿಂದವನೇ ಮುಚ್ಚಿಟ್ಟದ್ದನ್ನು ನಾನು ಯಾಕೆ ತೆಗೆಯಲಿ ಎಂದು ನಾನೂ ಸುಮ್ಮನಾದೆ.

ನಿಮ್ಮ ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳು. ಅವನಿಗೆ ನೀನೇ ಬರಿ. ಕೇಳಬೇಕೆಂದಿದ್ದರೆ ನೀನೇ ಕೇಳು.

ಅಮ್ಮ

*

ಪಂದ್ಯಾವಳಿಯ ಹೋಟೆಲು
ಸೆಪ್ಟೆಂಬರ್ 21

ಅಮ್ಮಾ,

ಗುಂಪಿನಲ್ಲಿ ಮೂರಕ್ಕೆ ಮೂರೂ ಗೆದ್ದೆವು. ನೀನು ನೋಡಿರುತ್ತೀಯ. ಕೊನೆಯ ಪಂದ್ಯದಲ್ಲಿ 'ಹಾಲು' ಎಂದೆ, ಮೂಲೆ ಕಣ್ಣು ಮುಚ್ಚಿಕೊಂಡೇ ಹಾಕಿದಳೇನೋ ಎನ್ನುವ ಹಾಗೆ ಹಾಕಿದಳು. ಇಲ್ಲಿನ ಪತ್ರಿಕೆಯವರು ನಮ್ಮ ಆಟಗಾರ್ತಿಯರು ಒಬ್ಬರ ಮನಸ್ಸು ಒಬ್ಬರು ಓದುತ್ತಾರೆಂದು ಬರೆದಿದ್ದಾರೆ. ಓದಿ ನಕ್ಕೆವು.

ನಾಳಿದ್ದು ಹುಬ್ಬಿನ ತಂಡದೊಂದಿಗೆ.

ಅವನನ್ನು ಲಿಫ್ಟಿನಲ್ಲಿ ನೋಡಿದೆ. ಬಾಗಿಲು ತೆಗೆಯಿತು, ಒಳಗೆ ಅವನಿದ್ದ, ಹಿಂದೆ ಅವರ ತಂಡದ ಇಬ್ಬರು. ಸಣ್ಣಗಾಗಿದ್ದಾನೆ. ಮುಂದಲೆಯಲ್ಲಿ ಕೂದಲು ಹೋಗಿದೆ. ನನ್ನ ಕೈ ತಾನಾಗಿಯೇ ಹುಬ್ಬಿಗೆ ಹೋಯಿತು. ಅವನು ಎರಡೂ ಕೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ನಿಂತಿದ್ದ.

"ಅಮ್ಮ ಹೇಗಿದ್ದಾಳೆ?" ಎಂದ, ಬಾಯಲ್ಲಿ.

"ಚೆನ್ನಾಗಿದ್ದಾಳೆ."

"ಭುಜ ನೋವಿದೆಯಾ? ಎಡಗಡೆ ಕಮ್ಮಿ ಎಸೀತಿದ್ದೀಯ."

ಅಷ್ಟೇ. ಅವರ ಮಹಡಿ ಬಂತು, ಇಳಿದುಹೋದ. ನಮ್ಮಿಬ್ಬರ ಮಧ್ಯೆ ಬಾಯಿಮಾತು ಯಾವಾಗ ಬಂತಮ್ಮಾ? ಜೇಬಿನಿಂದ ಕೈ ತೆಗೆಯಲು ಅವನಿಗೆ ಮುಖವಿರಲಿಲ್ಲ ಎನ್ನಿಸಿತು. ಎಡಗಡೆ ಕಮ್ಮಿ ಎಸೆಯುತ್ತೇನೆಂದು ಲೆಕ್ಕ ಇಟ್ಟವನು ಉಳಿದದ್ದನ್ನು ಬಿಟ್ಟಿರುತ್ತಾನೆಯೇ?

ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಕಿಟಕಿಯ ಪರದೆ ಎಳೆದು ಕೂತು, "ನಿಮ್ಮಣ್ಣ ಹೇಳ್ತಾನೆ ಅನ್ಸುತ್ತಾ?" ಎಂದು ಕೇಳಿದರು.

ನನಗೆ ಸ್ಪ್ಯಾನರ್ ನೆನಪಾಯಿತು. ನೀನು ಬರೆದಾಗಿನಿಂದ ಅದು ತಲೆಯಲ್ಲಿ ಕೂತಿದೆ. ಆದರೂ ಬಾಯಿಂದ ಬಂದದ್ದು ಬೇರೆ. "ನಾನಾಗಿದ್ರೆ ಹೇಳ್ತಿದ್ದೆ" ಎಂದೆ.

ಮೇಡಂ ಸನ್ನೆಗಳೇ ಬೇಡ, ಬೆರಳು ತೋರಿಸೋಣ ಎಂದರು. ಬೇಡ ಎಂದವಳು ನಾನು. ತಿರುಗುಮುರುಗು ಮಾಡೋಣ ಎಂದೆ. 'ಬಾಗಿಲು' ಎಂದರೆ ಚೆಂಡು ಮೂಲೆಗೆ. 'ಹಾಲು' ಎಂದರೆ ಏಣಿ ಒಳಗೆ ನುಗ್ಗಬೇಕು. ಅಣ್ಣ ಹೇಳಿಕೊಟ್ಟಿದ್ದರೆ ಅವರೆಲ್ಲ ತಪ್ಪು ಕಡೆಗೆ ಓಡುತ್ತಾರೆ, ಅವನು ಹೇಳಿದ್ದೇ ಅವರಿಗೆ ಉರುಳಾಗುತ್ತದೆ. ಮೇಡಂ ಒಪ್ಪಿಕೊಂಡರು. ಇವತ್ತು ಮಧ್ಯಾಹ್ನವೆಲ್ಲ ಅದನ್ನೇ ಅಭ್ಯಾಸ ಮಾಡಿದೆವು. ಹುಡುಗಿಯರು ಬೇಗ ಕಲಿತರು. ನನಗೇ ಕಷ್ಟವಾಗುತ್ತಿದೆ.

ಅವನಿಗೆ ಬರೆಯಲಿಲ್ಲ, ಅಮ್ಮಾ. ಮೂರು ಸಲ ಶುರುಮಾಡಿ ಹರಿದೆ. ಗೆದ್ದ ಮೇಲೆ ಬರೆಯುತ್ತೇನೆ.

ಹೆಬ್ಬೆಟ್ಟು

*

ಮನೆ
ಸೆಪ್ಟೆಂಬರ್ 28

ಹೆಬ್ಬೆಟ್ಟು,

ನಿನ್ನ ಕಾಗದ ಇವತ್ತು ಬಂತು. ಪಂದ್ಯ ಮುಗಿದು ಐದು ದಿನವಾಗಿದೆ. ಮೊದಲೇ ಬಂದಿದ್ದರೆ ಅಂದು ನಾನು ಶೆಡ್ಡಿನ ಕ್ಯಾಂಟೀನಿನಲ್ಲಿ ಹಾಗೆ ಒದ್ದಾಡುತ್ತಿರಲಿಲ್ಲ.

ಮಧ್ಯಾಹ್ನ ಮಗ್ಗ ನಿಲ್ಲಿಸಿ ಎಲ್ಲರೂ ಟಿವಿಯ ಮುಂದೆ ಕೂತಿದ್ದೆವು. ಶೆಡ್ಡಿನವರಿಗೆಲ್ಲ ನಿನ್ನ ಸನ್ನೆ ಗೊತ್ತು. ನೀನು ಅಂಗೈ ಅಗಲಿಸಿದ ಕೂಡಲೇ ಮುಂದಿನ ಸಾಲಿನವರು ಎದ್ದು ನಿಂತು ಏಣಿಯ ಕಡೆಗೆ ಕೈ ತೋರಿಸಿದರು. ಚೆಂಡು ಮೂಲೆಗೆ ಹೋಯಿತು. ಆಯಿತು, ಕೈತಪ್ಪಿತು ಎಂದುಕೊಂಡೆವು. ಮತ್ತೆ ಹಾಗೆಯೇ ಆಯಿತು. ನೀನು ಹಾಲು ಎಂದೆ, ಚೆಂಡು ಏಣಿಗೆ ಹೋಯಿತು. ಎಲ್ಲರೂ ನನ್ನ ಕಡೆ ತಿರುಗಿ ನಿನ್ನ ಮಗಳಿಗೆ ಏನಾಗಿದೆ ಎಂದು ಕೇಳಿದರು. ನನಗೇನು ಗೊತ್ತು? ಜ್ವರವೇನೋ ಎಂದುಕೊಂಡೆ. ನಿನ್ನ ಮುಖ ಒಂದು ಹೇಳುತ್ತಿತ್ತು, ಕೈ ಇನ್ನೊಂದು. ನನ್ನ ಮಗಳನ್ನು ನಾನು ಓದಲಾಗದೇ ಕೂತದ್ದು ಅದೇ ಮೊದಲು. ನನಗೆ ಬಹಳ ಭಯವಾಯಿತು.

ಕೊನೆಗೆ ಒಂದು ಅಂಕ ಹಿಂದೆ ಇದ್ದಿರಿ, ಚೆಂಡು ನಿನ್ನ ಕೈಯಲ್ಲಿ. ಆಗ ನೀನು ಹಾಲು ಎಂದೆ. ನಿನ್ನ ಮುಖವೂ ಹಾಲು ಎನ್ನುತ್ತಿತ್ತು. ಚೆಂಡನ್ನೂ ಮೂಲೆಗೇ ಎಸೆದೆ. ಅಬ್ಬ, ನನ್ನ ಮಗಳು ಸರಿಹೋದಳು ಎಂದು ನಾನು ಪಕ್ಕದವಳ ಕೈ ಹಿಡಿದುಕೊಂಡೆ. ನೋಡಿದರೆ ಅಲ್ಲಿ ಯಾರೂ ಇಲ್ಲ. ಎಲ್ಲರೂ ಬುಟ್ಟಿಯ ಕೆಳಗಿದ್ದರು. ಚೆಂಡು ಗೆರೆ ದಾಟಿ ಹೊರಗೆ ಹೋಯಿತು.

ಇವತ್ತು ನಿನ್ನ ಕಾಗದ ಓದಿದ ಮೇಲೆ ಅರ್ಥವಾಯಿತು. ಹುಡುಗಿಯರು ನೀನು ಕಲಿಸಿದ ಹಾಗೆಯೇ ಓಡಿದ್ದರು. ಉಸಿರು ಕಟ್ಟಿದ ಆ ಗಳಿಗೆಯಲ್ಲಿ ನಿನ್ನ ಕೈಗೆ ಸುಳ್ಳು ಹೇಳಲು ಬರಲಿಲ್ಲ.

ನನಗೆ ಸಿಟ್ಟು ಬಂದಿದೆ. ಸೋತದ್ದಕ್ಕಲ್ಲ. ಆ ಮಾತಿನಲ್ಲಿ ನಮ್ಮ ಮನೆಯಲ್ಲಿ ಜಗಳವಾಗಿದೆ, ಬೈಗುಳವಾಗಿದೆ, ನಿಮ್ಮಪ್ಪ ತಟ್ಟೆ ದೂಡಿ ಎದ್ದು ಹೋದದ್ದಿದೆ. ಯಾರೂ ಯಾರಿಗೂ ಬಲೆ ಬೀಸಿರಲಿಲ್ಲ. ನನ್ನ ಹತ್ತಿರ ಬೇರೆ ಮಾತಿಲ್ಲ, ಹೆಬ್ಬೆಟ್ಟು. ನೀವಾದರೆ ಬಾಯಲ್ಲಿ ಬೇಕಾದ್ದು ಹೇಳಿಕೊಳ್ಳಬಹುದಿತ್ತು.

ಆದರೂ ಕೊನೆಯಲ್ಲಿ ನಿನ್ನ ಕೈ ನಿಜ ಹೇಳಿತಲ್ಲ, ಅದಕ್ಕೆ ನನಗೆ ಒಳಗೊಳಗೇ ಸಮಾಧಾನವಿದೆ. ಮಗಳು ಸೋತದ್ದಕ್ಕೆ ಸಮಾಧಾನಪಡುವ ತಾಯಿ ಎಂದು ಬೈದುಕೊ.

ಇನ್ನೊಂದು ಹೇಳಬೇಕು. ಆಟ ಮುಗಿದ ಮೇಲೆ ಟಿವಿಯವರು ಅವರ ಬೆಂಚನ್ನು ತೋರಿಸಿದರು. ಎಲ್ಲರೂ ತಬ್ಬಿಕೊಂಡು ಕುಣಿಯುತ್ತಿದ್ದರು. ಹುಬ್ಬು ಒಬ್ಬನೇ ಗೆರೆಯ ಹತ್ತಿರ ನಿಂತು ನಿನ್ನ ಕಡೆ ನೋಡಿ, ಬೆರಳು ಒಟ್ಟುಮಾಡಿ ಬಾಯ ಹತ್ತಿರ ತಂದು ಅಂಗೈ ಮೇಲೆ ಮಾಡಿದ. ಸಾಲಿನ ತುದಿಯಲ್ಲಿ ಕೂತಿದ್ದ ನಿಮ್ಮಪ್ಪನಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ನನ್ನ ಕಡೆ ತಿರುಗಿ ತಮ್ಮ ಹುಬ್ಬು ಮುಟ್ಟಿಕೊಂಡರು, ಅವನೇನಾ ಎಂದು. ತಲೆಯಾಡಿಸಿದೆ. ಎದ್ದು ಮಗ್ಗದ ಕಡೆಗೆ ಹೋದರು.

ನೀನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ. ಆಮೇಲೆ ನಿನ್ನನ್ನು ತೋರಿಸಿದಾಗ ನಿನ್ನ ಎರಡೂ ಕೈ ಟವೆಲಿನೊಳಗಿದ್ದವು.

ಅಮ್ಮ

*

ನವೆಂಬರ್ 15

ಹೆಬ್ಬೆಟ್ಟು,

ಅಮ್ಮನಿಂದ ನಿನ್ನ ವಿಳಾಸ ತೆಗೆದುಕೊಂಡೆ. ಭುಜ ಹೇಗಿದೆ? ಎಡಗಡೆಯದನ್ನು ಯಾರಿಗಾದರೂ ತೋರಿಸು. ಲಿಫ್ಟಿನಲ್ಲೂ ಅದನ್ನೇ ಹೇಳಬೇಕೆಂದಿದ್ದೆ, ಗೂಢಚಾರನ ಹಾಗೆ ಕೇಳಿಸಿರಬೇಕು.

ಜೇಬಿನಲ್ಲಿ ಕೈ ಇಟ್ಟುಕೊಂಡದ್ದಕ್ಕೆ ಕಾರಣವಿತ್ತು. ಹಿಂದೆ ನಮ್ಮ ಹುಡುಗಿಯರಿಬ್ಬರಿದ್ದರು. ಕೈ ಹೊರಗೆ ತೆಗೆದಿದ್ದರೆ ನಿನ್ನನ್ನು ನೋಡಿದ ಸಂತೋಷಕ್ಕೆ ಅದು ಮಾತಾಡಿಬಿಡುತ್ತಿತ್ತು. ನಿಮ್ಮ ಸನ್ನೆಗಳೂ ಮಾತು ಎಂಬುದು ಅವರಿಗೆ ಅಲ್ಲೇ ಗೊತ್ತಾಗುತ್ತಿತ್ತು.

ನಮ್ಮ ದೊಡ್ಡ ತರಬೇತುದಾರ ದಡ್ಡನಲ್ಲ. ನಿಮ್ಮ ಹಳೆಯ ಪಂದ್ಯ ಹಾಕಿಕೊಂಡು ನನ್ನನ್ನು ಕರೆದ. "ನಿನ್ನ ತಂಗಿ ಕೈಯಲ್ಲಿ ಏನೋ ಮಾಡ್ತಾಳಲ್ಲ, ಏನದು?"

"ಹಾಲು ಉಕ್ತಿದೆ ಅಂತಿದ್ದಾಳೆ" ಎಂದೆ.

ಅವನಿಗೆ ತಮಾಷೆ ಮಾಡುತ್ತಿದ್ದೇನೆಂದು ಸಿಟ್ಟು ಬಂತು. ಆಮೇಲೆ ಕೂತು ಹೇಳಿದೆ. ಅದು ನಮ್ಮಮ್ಮನ ಮಾತು, ಅದರ ಅರ್ಥ ನನಗೆ ಗೊತ್ತು, ಹೇಳುವುದಿಲ್ಲ ಎಂದೆ. "ನೀನು ಯಾರ ಕಡೆ?" ಎಂದು ಕೇಳಿದ. "ಉಳಿದದ್ದೆಲ್ಲ ನಿಮ್ಮ ಕಡೆ, ಇದೊಂದು ಬಿಟ್ಟು" ಎಂದೆ. ಅವನು ಎದ್ದು ಹೋದ.

ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ನೀನು ಬಾಗಿಲು ಎಂದು ಚೆಂಡನ್ನು ಮೂಲೆಗೆ ಎಸೆದೆ. ಇವಳಿಗೆ ಏನಾಯಿತು ಎಂದುಕೊಂಡೆ. ಇನ್ನೊಂದು ಸಲ ಆದಾಗ ತಿಳಿಯಿತು. ಆ ಸಭಾಂಗಣದಲ್ಲಿ ಅಷ್ಟು ಸಾವಿರ ಜನರಿದ್ದರು, ನೀನು ಹೇಳುತ್ತಿದ್ದ ಸುಳ್ಳು ಅವರಲ್ಲಿ ಒಬ್ಬನಿಗೆ ಮಾತ್ರ. ಆಟ ಮುಗಿಯುವವರೆಗೂ ಕೂತು ಅದನ್ನು ನುಂಗಿಕೊಂಡೆ. ನೋವಾಯಿತು ಎಂದು ಬರೆಯುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಬಹಳ ನೋವಾಯಿತು. ತಿರುಗುಮುರುಗು ಮಾಡಿದ್ದೀಯೆಂದು ಗೊತ್ತಾದ ಮೇಲೂ ನಮ್ಮವರಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಕೊನೆಯಲ್ಲಿ ನೀನು ಹಾಲು ಎಂದಾಗ, ಈ ಸಲ ನಿಜ ಹೇಳುತ್ತಿದ್ದಾಳೆ ಎಂದು ನನಗೊಬ್ಬನಿಗೇ ಗೊತ್ತಾಯಿತು. ಮೂಲೆ ಖಾಲಿ ಇರುವುದು ನನಗೆ ಕಾಣುತ್ತಿತ್ತು. ಎದ್ದು ನಿಂತುಬಿಟ್ಟೆ. ಆ ಗಳಿಗೆಯಲ್ಲಿ ನಾನು ಯಾರ ಕಡೆ ಇದ್ದೆನೆಂದು ಮಾತ್ರ ಕೇಳಬೇಡ.

ಈಗ ನಾನು ತಂಡದಲ್ಲಿಲ್ಲ. ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತೇನೆ. ಚೆಂಡು ಅವರಿಗಿಂತ ದೊಡ್ಡದಿದೆ, ಬುಟ್ಟಿಯ ತನಕ ಹೋಗುವುದೇ ಇಲ್ಲ. ಚೆನ್ನಾಗಿದ್ದೇನೆ. ಇದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ, ನಾನೇ ಆರಿಸಿಕೊಂಡದ್ದು. ಹೊಸ ವಿಳಾಸ ಹಿಂದೆ ಇದೆ.

ಅಂದು ಗೆರೆಯ ಹತ್ತಿರ ನಿಂತು ಒಂದು ಮಾತು ಕೇಳಿದ್ದೆ. ಗದ್ದಲದಲ್ಲಿ ನೀನು ನೋಡಲಿಲ್ಲವೇನೋ.

ಹುಬ್ಬು

*

ಮನೆ
ಜನವರಿ 9

ಹೆಬ್ಬೆಟ್ಟು,

ಎರಡು ಸಾಲು ಅಷ್ಟೇ. ಹುಬ್ಬಿನ ಕಾಗದ ನಿನಗೆ ತಲುಪಿತೇ ಎಂದು ಅವನು ಕೇಳಿದ್ದಾನೆ. ತಲುಪಿರಬೇಕು ಎಂದು ಬರೆದೆ.

ನಿಮ್ಮಪ್ಪ ಮನೆಯಲ್ಲಿ ಏನೂ ಕೇಳುವುದಿಲ್ಲ. ಶೆಡ್ಡಿನಲ್ಲಿ ಟಪಾಲು ಬಂದ ದಿನ ಮಗ್ಗದ ಆ ಬದಿಯಿಂದ ಕಣ್ಣು ಕೀಳದೆ ನೋಡಿ, ಹುಬ್ಬು ಮುಟ್ಟಿಕೊಂಡು ಅಂಗೈ ತಿರುಗಿಸುತ್ತಾರೆ. ಇಲ್ಲ ಎಂದರೆ ಮತ್ತೆ ಬಗ್ಗಿ ಬೋಲ್ಟು ಬಿಗಿಯುತ್ತಾರೆ.

ರಜ ಸಿಕ್ಕಿದರೆ ಬಾ.

ಅಮ್ಮ

*

ಮನೆ
ಫೆಬ್ರವರಿ 2

ಹುಬ್ಬು,

ನಿನ್ನ ಕಾಗದ ನವೆಂಬರಿನಲ್ಲೇ ಬಂದಿತ್ತು. ಬ್ಯಾಗಿನಲ್ಲಿಟ್ಟುಕೊಂಡು ಊರೂರು ಆಡಲು ಹೋದೆ, ಉತ್ತರ ಬರೆಯಲಿಲ್ಲ. ಏನೆಂದು ಬರೆಯಲಿ? ನಿನ್ನ ಕೆಲಸ ಹೋದದ್ದನ್ನು ಹಾಗೆ ಎರಡು ಸಾಲಿನಲ್ಲಿ ಬರೆದು ಮಕ್ಕಳ ಕಡೆಗೆ ಹೊರಳಿಬಿಟ್ಟೆ. ನೀನು ಚೆನ್ನಾಗಿ ಬೈದು ಬರೆದಿದ್ದರೆ ನನಗೂ ಉತ್ತರ ಕೊಡಲು ಸುಲಭವಿತ್ತು.

ಮೇಡಂ ಸನ್ನೆಗಳನ್ನು ತೆಗೆದುಹಾಕಿದ್ದಾರೆ. ಈಗ ನಾವೂ ಒಂದು, ಎರಡು ಎಂದು ಬೆರಳು ತೋರಿಸುತ್ತೇವೆ. ಏಣಿ ಈಗಲೂ ಕೆಲವೊಮ್ಮೆ ನನ್ನನ್ನು ನೋಡಿ ಕಾಲರು ಮುಟ್ಟಿಕೊಳ್ಳುತ್ತಾಳೆ, ನಗಲಿ ಎಂದು. ನಾನೇ ಸೋಲಿಸಿದೆ ಎಂದು ಅವರಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದು ನಾಲ್ಕು ದಿನವಾಯಿತು. ಅಮ್ಮ ಏನಾದರೂ ಕೇಳಿದರೆ ನನ್ನ ಕೈ ತಕ್ಷಣ ಏಳುವುದಿಲ್ಲ. ಬಾಗಿಲು ಹಾಕು ಎನ್ನುವುದಕ್ಕೂ ಒಂದು ಗಳಿಗೆ ಯೋಚಿಸುತ್ತೇನೆ, ಯಾವುದು ಯಾವುದೆಂದು. ಅಮ್ಮ ಗಮನಿಸಿದ್ದಾಳೆ. ನಿನ್ನೆ ನನ್ನ ಎರಡೂ ಕೈ ಹಿಡಿದುಕೊಂಡು, ತೊದಲುತ್ತಿದ್ದೀಯಲ್ಲ ಎಂದಳು. ಅಳು ಬಂತು. ಅವಳು ನನ್ನ ಜೊತೆ ಮಾತಾಡುವುದಕ್ಕೆ ಇರುವುದು ಅದೊಂದೇ ಅಲ್ಲವೇ.

ಇವತ್ತು ಬೆಳಿಗ್ಗೆ ಅಪ್ಪ ಪೆಟ್ಟಿಗೆ ತೆಗೆದು ಉಪಕರಣಗಳಿಗೆ ಎಣ್ಣೆ ಒರೆಸುತ್ತಿದ್ದರು. ಹತ್ತಿರ ಕೂತು ಹೇಳಿಬಿಟ್ಟೆ. ಹುಬ್ಬಿನ ಗಾಯ ಮೆಟ್ಟಿಲಿಂದ ಆದದ್ದಲ್ಲ, ನಾನು ಎಸೆದದ್ದು, ನನಗೇ ನೆನಪಿಲ್ಲ, ಅಮ್ಮ ಹೇಳಿದಳು ಎಂದೆ.

"ಗೊತ್ತು" ಎಂದರು.

"ಹೇಗೆ?"

"ಸ್ಪ್ಯಾನರ್ ಮೇಲೆ ರಕ್ತ ಇತ್ತಲ್ಲಮ್ಮ. ನಾನೇ ತೊಳೆದಿಟ್ಟೆ. ಅವನು ಮೆಟ್ಟಿಲು ಅಂದ. ಆಯ್ತು, ಮೆಟ್ಟಿಲು ಅಂದೆ." ಸ್ಪ್ಯಾನರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ತಲೆ ಎತ್ತದೆ, "ನಿನ್ನ ಸನ್ನೆನೂ ಅವನು ಯಾರಿಗೂ ಹೇಳಲ್ಲ ಅಂತ ನನಗೆ ಗೊತ್ತಿತ್ತು. ನೀನು ನನ್ನನ್ನ ಕೇಳಬೇಕಿತ್ತು" ಎಂದರು.

ಅಣ್ಣಾ, ಈ ಮನೆಯಲ್ಲಿ ನಿನ್ನನ್ನು ನಂಬದೇ ಇದ್ದವಳು ನಾನೊಬ್ಬಳೇ. ನಿನ್ನ ಹೆಸರೆತ್ತಬಾರದು ಎಂದವರೂ ನಂಬಿದ್ದರು.

ಈಗ ಅಪ್ಪ ಎದುರಿಗೆ ಕೂತಿದ್ದಾರೆ, ಪತ್ರಿಕೆ ಓದುವ ಹಾಗೆ. ಯಾರಿಗೆ ಬರೆಯುತ್ತಿದ್ದೀಯೆಂದು ಅವರು ಕೇಳಲಿಲ್ಲ. ಪತ್ರಿಕೆ ಮಾತ್ರ ಬಹಳ ಹೊತ್ತಿನಿಂದ ಅದೇ ಪುಟದಲ್ಲಿದೆ. ಅಮ್ಮ ಒಳಗಿದ್ದಾಳೆ. ಬರುತ್ತೀಯೋ ಇಲ್ಲವೋ ಎಂದು ಅವರಿಬ್ಬರೂ ಕೇಳುವವರಲ್ಲ, ನಾನು ಕೇಳುತ್ತಿದ್ದೇನೆ.

ಅಂದು ಗದ್ದಲವಿತ್ತು, ನಿಜ. ಆದರೆ ನಾನು ನೋಡಿದ್ದೆ. ಚೆನ್ನಾಗಿ ನೋಡಿದ್ದೆ. ಆ ಸನ್ನೆಯನ್ನು ನಾನು ತಂಡಕ್ಕೂ ಕೊಟ್ಟಿರಲಿಲ್ಲ, ಮನೆಯಲ್ಲೇ ಇಟ್ಟಿದ್ದೆ. ನೀನು ಅಷ್ಟು ಜನರ ಮಧ್ಯೆ ನಿಂತು ಅದನ್ನೇ ಕೇಳಿದೆ. ಉತ್ತರ ಕೊಡಲು ಮುಖವಿಲ್ಲದೆ ಕೈಯನ್ನು ಟವೆಲಿನೊಳಗೆ ಇಟ್ಟುಕೊಂಡೆ.

ಇಲ್ಲ ಕಣೋ. ಇನ್ನೂ ಊಟ ಆಗಿಲ್ಲ.

ನಿನ್ನ,
ಹೆಬ್ಬೆಟ್ಟು